ಆಡಿಯೋ ಪುಸ್ತಕ ಸಂಗ್ರಹ, ಹಕ್ಕುಮುಕ್ತ

ಕೃತಿಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ, ಗ್ರಂಥಾಲಯಗಳ ಮೂಲಕ ಉಚಿತವಾಗಿ ಒದಗಿಸುವ ಸಂಗ್ರಹ. ಹ್ಯೂ ಮೆಗೈರ್ 2005ರಲ್ಲಿ ಮಾಂಟ್ರಿಯಲ್‌ನಲ್ಲಿ ಆರಂಭಿಸಿದ ಲಿಬ್ರಿವಾಕ್ಸ್ ಇದರ ಪ್ರಸಿದ್ಧ ಮಾದರಿ. ಕನ್ನಡದಲ್ಲಿ ಇಂಥ ಸಂಗ್ರಹ ಬೆಳೆಯಲು ಧ್ವನಿಮುದ್ರಣ ಯಂತ್ರಕ್ಕಿಂತ ಮೊದಲು ಬೇಕಾದದ್ದು ಲೇಖಕರು ತೀರಿಕೊಂಡ ಇಸವಿಗಳ ನಂಬಲರ್ಹ ಪಟ್ಟಿ.

ಅವಧಿಯ ಲೆಕ್ಕ

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಲೇಖಕರ ನಿಧನಾನಂತರದ ಅವಧಿ ಮೊದಲು 50 ವರ್ಷವಿತ್ತು. ರವೀಂದ್ರನಾಥ ಠಾಕೂರರ (ನಿಧನ 1941) ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1991ರ ಡಿಸೆಂಬರ್ ಕೊನೆಯಲ್ಲಿ, ಅದನ್ನು 60ಕ್ಕೆ ಏರಿಸಲಾಯಿತು. ನಿಧನದ ಮರುವರ್ಷದ ಜನವರಿ 1ರಿಂದ ಎಣಿಕೆ. ಹೀಗಾಗಿ 1942ರಲ್ಲಿ ತೀರಿಕೊಂಡ ಗಳಗನಾಥರ ಕಾದಂಬರಿಗಳು 1993ರ ಬದಲು 2003ರಲ್ಲಿ ಮುಕ್ತವಾದವು. ಆಲೂರ ವೆಂಕಟರಾಯರು, ವಚನ ಸಂಪಾದಕ ಫ.ಗು. ಹಳಕಟ್ಟಿ ಇಬ್ಬರೂ 1964ರಲ್ಲಿ ನಿಧನರಾದರು. ಇಬ್ಬರ ಜೀವಿತಕಾಲದ ಪ್ರಕಟಣೆಗಳೂ 2025ರ ಜನವರಿ 1ರಂದು ಒಟ್ಟಿಗೇ ಎಲ್ಲರ ಸ್ವತ್ತಾದವು. ದ.ರಾ. ಬೇಂದ್ರೆಯವರಿಗಾಗಿ (ನಿಧನ 1981) 2042ರವರೆಗೆ ಕಾಯಬೇಕು. ಲೇಖಕರ ಮರಣಾನಂತರ ಮೊದಲ ಬಾರಿ ಅಚ್ಚಾದ ಕೃತಿಗೆ ಪ್ರಕಟಣೆಯ ವರ್ಷವೇ ಆಧಾರ. ಅನುವಾದವಾದರೆ ಮೂಲ ಲೇಖಕ, ಅನುವಾದಕ ಇಬ್ಬರ ಲೆಕ್ಕವನ್ನೂ ನೋಡಬೇಕು.

ಪಾಠ ಮತ್ತು ಧ್ವನಿ

ಹಳೆಯ ಕೃತಿಯ ಹೊಸ ಆವೃತ್ತಿಯಲ್ಲಿ ಸಂಪಾದಕರ ಮುನ್ನುಡಿ, ಟಿಪ್ಪಣಿಗಳಿಗೆ ಪ್ರತ್ಯೇಕ ಹಕ್ಕಿರುತ್ತದೆ. ಆದ್ದರಿಂದ ಓದಲು ಹಳೆಯ ಮುದ್ರಣವೇ ಕ್ಷೇಮ. ಧ್ವನಿಮುದ್ರಿಕೆಗೂ ಪ್ರಕಟಣೆಯ ಮರುವರ್ಷದಿಂದ 60 ವರ್ಷದ ಸ್ವಂತ ಹಕ್ಕುಂಟು. ಕೃತಿ ಮುಕ್ತವಾದ ಮಾತ್ರಕ್ಕೆ ಅದರ ಓದು ಮುಕ್ತವಾಗದು. ಓದಿದವರಿಂದ, ಧ್ವನಿಮುದ್ರಿಸಿದವರಿಂದ ಲಿಖಿತ ಒಪ್ಪಿಗೆ ಪಡೆದಿರಬೇಕು.

ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿಯು ಅಂಗವಿಕಲರಿಗಾಗಿ, ಹಕ್ಕು ಇನ್ನೂ ಉಳಿದಿರುವ ಪುಸ್ತಕಗಳನ್ನೂ ಅವರಿಗೆ ಒಗ್ಗುವ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಆದರೆ ಹಾಗೆ ಮಾಡಿದ ಧ್ವನಿಮುದ್ರಿಕೆಗಳನ್ನು ಸಾರ್ವಜನಿಕ ಸಂಗ್ರಹಕ್ಕೆ ಸೇರಿಸುವಂತಿಲ್ಲ. ಎರಡನ್ನೂ ಬೇರೆ ಬೇರೆ ಪಟ್ಟಿಗಳಲ್ಲಿ ಇಡಬೇಕು.

ಆಡಳಿತ

ಕರ್ನಾಟಕದ ಗ್ರಂಥಾಲಯ ವ್ಯವಸ್ಥೆಗೆ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಆಧಾರ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಹಾಗಾಗಿ ಹಳ್ಳಿಗಳಿಗೆ ಸಂಗ್ರಹ ತಲುಪಿಸಲು ಈ ಇಲಾಖೆಯನ್ನೂ ಜೊತೆಗೆ ತೆಗೆದುಕೊಳ್ಳಬೇಕು.

ಗಡಿಭಾಗ

ನಿಪ್ಪಾಣಿ ತಾಲ್ಲೂಕಿನ ಬೋರಗಾಂವದಂಥ ಊರುಗಳಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತು. ಶಾಲೆಯಲ್ಲಿ ಒಂದೇ ಲಿಪಿ ಕಲಿತವರು ಇನ್ನೊಂದು ಭಾಷೆಯನ್ನು ಸರಾಗವಾಗಿ ಆಡಿದರೂ ಓದುವಾಗ ತಡವರಿಸಬಹುದು. ಕೇಳುವುದಕ್ಕೆ ಲಿಪಿಯ ತೊಡಕಿಲ್ಲ. ಮರಾಠಿಯ ಹರಿ ನಾರಾಯಣ ಆಪ್ಟೆಯವರ (ನಿಧನ 1919) ಕಾದಂಬರಿಗಳನ್ನು ಕನ್ನಡಕ್ಕೆ ತಂದವರು ಗಳಗನಾಥರೇ. ಇಂದು ಮೂಲವೂ ಮುಕ್ತ, ಕನ್ನಡ ರೂಪವೂ ಮುಕ್ತ. ಗಡಿಯ ಗ್ರಂಥಾಲಯವೊಂದು ಸಂಗ್ರಹ ಕಟ್ಟಲು ಹೊರಟರೆ ಈ ಜೋಡಿ ಕೃತಿಗಳಿಂದಲೇ ಆರಂಭಿಸುವುದು ಉಚಿತ.