ತುರಚಿ, ನಸುಗುನ್ನಿ: ಖಾನಾಪುರದ ಬೇಲಿಯಲ್ಲಿ ಉರಿ ಮತ್ತು ಔಷಧ

ಬೆಳಗಾವಿಯಿಂದ ಜಾಂಬೋಟಿ ದಾಟಿ ಕಣಕುಂಬಿಯತ್ತ ಹೋಗುವ ದಾರಿ. ಮಳೆ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಬೇಲಿ, ಪೊದೆಗಳ ಮೇಲೆ ಹಬ್ಬಿದ ಬಳ್ಳಿಯಿಂದ ಕಂದು ಕಾಯಿಗಳ ಗೊಂಚಲು ಇಳಿಬಿದ್ದಿರುತ್ತದೆ. ಒಂದೊಂದು ಕಾಯಿಯೂ ಬೆರಳುದ್ದ. ಎರಡು ತುದಿ ಎರಡು ಕಡೆಗೆ ಬಾಗಿ ಇಂಗ್ಲಿಷಿನ ಎಸ್ ಅಕ್ಷರದಂತಿರುತ್ತದೆ. ಮೈತುಂಬ ಹೊಂಗಂದು ರೋಮ, ಥೇಟ್ ಮಖಮಲ್ಲು. ಬಿಸಿಲು ಬಿದ್ದರೆ ಮಿಂಚುತ್ತದೆ, ಒಮ್ಮೆ ಸವರೋಣ ಅನ್ನಿಸುತ್ತದೆ. ಸವರಿದವರು ಅವತ್ತಿನ ಉಳಿದ ಹೊತ್ತನ್ನೆಲ್ಲ ಮೈ ಕೆರೆದುಕೊಳ್ಳುವುದರಲ್ಲೇ ಕಳೆಯುತ್ತಾರೆ.

ಇದು ನಸುಗುನ್ನಿ. ಖಾನಾಪುರದ ಮರಾಠಿ ಮನೆಗಳಲ್ಲಿ ಕೇಳಿದರೆ ಖಾಜಕುಯಿಲಿ ಅನ್ನುತ್ತಾರೆ. ಖಾಜ ಎಂದರೆ ತುರಿಕೆ. ಇದನ್ನೂ, ಮುಟ್ಟಿದರೆ ಉರಿಯುವ ಇನ್ನು ನಾಲ್ಕಾರು ಗಿಡಗಳನ್ನೂ ಒಟ್ಟಿಗೆ ಸೇರಿಸಿ ‘ತುರಚಿ’ ಅಂದುಬಿಡುವುದು ನಮ್ಮ ರೂಢಿ. ಇಷ್ಟು ದಿನ ಅದರಿಂದ ದೊಡ್ಡ ತೊಂದರೆಯೇನೂ ಇರಲಿಲ್ಲ, ಎಲ್ಲವನ್ನೂ ದೂರ ಇಟ್ಟರೆ ಸಾಕಾಗುತ್ತಿತ್ತು. ಈಗ ‘ನೆಟಲ್ ಟೀ’ ಪೊಟ್ಟಣ ಆನ್‌ಲೈನಿನಲ್ಲಿ ಮನೆಬಾಗಿಲಿಗೆ ಬರುತ್ತಿದೆ, ಅದರ ಗುಣಗಾನ ಮೊಬೈಲಿನಲ್ಲಿ ಓಡಾಡುತ್ತಿದೆ. ‘ಇದು ನಮ್ಮ ಹಿತ್ತಲಿನ ತುರಚಿಯೇ ಅಲ್ಲವೇ?’ ಎಂದು ಕೇಳುವವರಿದ್ದಾರೆ. ಅಲ್ಲ.

ಒಂದು ಹೆಸರು, ಮೂರು ಕುಲ

ಪೊಟ್ಟಣದ ನೆಟಲ್ ಎಂದರೆ ಅರ್ಟಿಕಾ ಡಯೋಯಿಕಾ. ಲ್ಯಾಟಿನ್ನಿನಲ್ಲಿ ಸುಡು ಎಂಬ ಅರ್ಥದ ಧಾತುವಿನಿಂದ ಬಂದ ಹೆಸರು. ಯುರೋಪು, ಹಿಮಾಲಯದಂಥ ತಂಪು ಸೀಮೆಯ ಗಿಡ. ಗಢವಾಲಿನಲ್ಲಿ ಕಂಡಾಲಿ, ಕುಮಾಊಂನಲ್ಲಿ ಸಿಸುಣ ಎಂದು ಕರೆದು ಅದರ ಎಳೆ ಚಿಗುರಿನ ಪಲ್ಯ ಮಾಡುತ್ತಾರೆ. ನಮ್ಮ ಖಾನಾಪುರದ ಭೀಮಗಡ ಕಾಡಿಗೆ ಅದು ಸೇರಿದ್ದಲ್ಲ.

ನಮ್ಮ ಘಟ್ಟದಲ್ಲಿರುವುದು ಅದರ ದಾಯಾದಿಗಳು. ಆಳೆತ್ತರ ಬೆಳೆದು, ಅಂಗೈಯಂತೆ ಸೀಳಿದ ದೊಡ್ಡ ಎಲೆ ಬಿಡುವುದು ಜಿರಾರ್ಡಿನಿಯಾ. ಅದಕ್ಕೆ ನೀಲಗಿರಿ ನೆಟಲ್ ಎಂಬ ಹೆಸರೂ ಇದೆ. ನೇಪಾಳದಲ್ಲಿ ಅದೇ ಗಿಡಕ್ಕೆ ಅಲ್ಲೋ ಎನ್ನುತ್ತಾರೆ. ಕಾಂಡದ ನಾರು ಬಿಡಿಸಿ, ನೂತು, ಬಟ್ಟೆ ನೇಯುತ್ತಾರೆ. ನೆರಳು ಹೆಚ್ಚಿರುವ ತೇವದ ಕಾಡಿನಲ್ಲಿ ಡೆಂಡ್ರೊಕ್ನೈಡ್ ಸಿನುವಾಟ ಎಂಬ ಪುಟ್ಟ ಮರ ಸಿಗುತ್ತದೆ. ಮಲೆಯಾಳದಲ್ಲಿ ಅದು ಆನಚೊರಿಯಣ. ಆನೆಯನ್ನೇ ಹೆಸರಿಗೆ ಕಟ್ಟಿದ ಮೇಲೆ ಅದರ ಉರಿ ಎಂಥದ್ದೆಂದು ಬೇರೆ ಹೇಳಬೇಕಿಲ್ಲ.

ಹೊಲದ ಬದು, ಬೇಲಿಗಳಲ್ಲಿ ಸಣ್ಣಗೆ ಸುತ್ತಿಕೊಂಡಿರುವ ತುರಚಿ ಬಳ್ಳಿ, ಅಂದರೆ ಟ್ರೇಜಿಯಾ, ನೆಟಲ್ ಕುಲದ್ದೇ ಅಲ್ಲ. ಅದು ನಮ್ಮ ಔಡಲದ ಬಳಗ. ಔಡಲದ ಎಲೆ ತಿನ್ನುವ ಅರಿಯಾಡ್ನೆ ಜಾತಿಯ ಚಿಟ್ಟೆಮರಿಗಳು ಇದನ್ನೂ ಮೇಯುತ್ತವೆ, ನಮಗಿಂತ ಮೊದಲೇ ನೆಂಟಸ್ತನ ಗುರುತಿಸಿದವರಂತೆ. ಇನ್ನು ನಸುಗುನ್ನಿ ಅವರೆ, ಹುರುಳಿಗಳ ಮನೆತನದ್ದು. ಗೊಂಚಲಾಗಿ ಬಿಡುವ ಅದರ ಕಡುನೇರಳೆ ಹೂವನ್ನು ನೋಡಿದರೆ ಅವರೆಯ ಹೋಲಿಕೆ ಕಾಣುತ್ತದೆ.

ಹೀಗೆ ಕುಲ ಮೂರು. ಸಮಾನವಾಗಿರುವುದು ತುರಿಕೆ ಮಾತ್ರ. ಆದ್ದರಿಂದ ಅರ್ಟಿಕಾದ ಗುಣವನ್ನು ಟ್ರೇಜಿಯಾಕ್ಕೆ ಹಚ್ಚುವುದೆಂದರೆ ಜೋಳದ ಗುಣವನ್ನು ಅವರೆಗೆ ಹೇಳಿದ ಹಾಗೆ.

ಉರಿ ಹುಟ್ಟುವ ಬಗೆ

ನೆಟಲ್ ಎಲೆಯ ಮೇಲಿನ ಒಂದೊಂದು ಮುಳ್ಳುರೋಮವೂ ಗಾಜಿನ ಇಂಜೆಕ್ಷನ್ ಸೂಜಿಯಿದ್ದಂತೆ. ತುದಿ ಮರಳಿನ ಸತ್ವವಾದ ಸಿಲಿಕಾದ್ದು, ತಾಗಿದೊಡನೆ ಮುರಿಯುತ್ತದೆ. ಬುಡದ ಚೀಲದಲ್ಲಿದ್ದ ರಸ ಚರ್ಮದೊಳಗೆ ಇಳಿಯುತ್ತದೆ. ಅದರಲ್ಲಿ ಹಿಸ್ಟಮಿನ್, ಅಸಿಟೈಲ್‌ಕೋಲಿನ್ ಇವೆಯೆಂದು 1947ರಲ್ಲಿ ಎಮ್ಮೆಲಿನ್ ಮತ್ತು ಫೆಲ್ಡ್‌ಬರ್ಗ್ ತೋರಿಸಿದರು. ಟ್ರೇಜಿಯಾದ ಆಯುಧ ಬೇರೆ: ರೋಮದ ನಡುವೆ ಕ್ಯಾಲ್ಸಿಯಂ ಆಕ್ಸಲೇಟಿನ ಹರಳಿನ ಈಟಿ ಇರುತ್ತದೆ, ಅದೇ ಚರ್ಮ ಸೀಳುತ್ತದೆ. ನಸುಗುನ್ನಿಯದು ಇನ್ನೂ ಬೇರೆ. ಅದರ ರೋಮ ಕಾಯಿಯಿಂದ ಸುಲಭವಾಗಿ ಉದುರಿ, ಗಾಳಿಯಲ್ಲೂ ಹಾರಿ ಬಂದು ಚರ್ಮಕ್ಕೆ ನಾಟುತ್ತದೆ. ಅದರಲ್ಲಿರುವ ಮ್ಯೂಕುನೈನ್ ಎಂಬ ಕಿಣ್ವ ಹಿಸ್ಟಮಿನ್ನಿನ ಹಂಗಿಲ್ಲದೆಯೇ ತುರಿಕೆಯ ನರಗಳನ್ನು ಕೆರಳಿಸುತ್ತದೆ. ಮಾಮೂಲಿ ಅಲರ್ಜಿ ಮಾತ್ರೆ ಇದರ ಮುಂದೆ ಸಪ್ಪಗಾಗುವುದು ಅದಕ್ಕೇ.

ಆನಚೊರಿಯಣದ ಉರಿಗೆ ಹಳೆಯ ಸಾಕ್ಷಿಯೊಂದಿದೆ. 19ನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಗಿಡ ಸಂಗ್ರಹಿಸುತ್ತಿದ್ದ ಫ್ರೆಂಚ್ ಸಸ್ಯಜ್ಞ ಲೆಶನೋ ದ ಲಾ ತೂರ್, ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಇದರ ಎಲೆಗೆ ಬೆರಳು ತಾಗಿಸಿಕೊಂಡ. ಮೊದಲು ಸಣ್ಣ ಚುರುಕು. ಆಮೇಲೆ ನೋವು ತೋಳೇರಿ ಕಂಕುಳಿಗೆ ಹೋಯಿತು, ದವಡೆ ಬಿಗಿಯಿತು. ಪೂರ್ತಿ ಇಳಿಯಲು ಒಂಬತ್ತು ದಿನ ಹಿಡಿಯಿತು.

ನಸುಗುನ್ನಿಯ ಬೀಜ

ಇಷ್ಟು ಗಿಡಗಳಲ್ಲಿ ಔಷಧವಾಗಿ ಗಟ್ಟಿ ಆಧಾರವಿರುವುದು ಯಾವುದಕ್ಕೆ ಎಂದು ಕೇಳಿದರೆ ನನ್ನ ಬೆರಳು ನಸುಗುನ್ನಿಯ ಕಡೆಗೇ ಹೋಗುತ್ತದೆ, ಮುಟ್ಟದೆ. ಆಯುರ್ವೇದದಲ್ಲಿ ಇದಕ್ಕೆ ಕಪಿಕಚ್ಛು ಎಂಬ ಹೆಸರಿದೆ. ಕೋತಿಗೂ ತುರಿಕೆ ಹತ್ತಿಸುವುದು. ಆತ್ಮಗುಪ್ತಾ ಎಂಬ ಇನ್ನೊಂದು ಹೆಸರು ನನಗೆ ಹೆಚ್ಚು ಇಷ್ಟ: ತನ್ನನ್ನು ತಾನೇ ಕಾಯ್ದುಕೊಳ್ಳುವುದು. ರೋಮ ಹೊತ್ತ ಕಾಯಿಯೊಳಗೆ ಕರಿಯ, ಕೆಲವೊಮ್ಮೆ ಚುಕ್ಕೆಯ, ನುಣುಪು ಬೀಜಗಳು. ಅಂಚಿನಲ್ಲಿ ಬಿಳಿ ಗಾಯದಂತೆ ಒಂದು ಗೆರೆ. ಔಷಧ ಈ ಬೀಜದಲ್ಲಿದೆ, ತುರಿಕೆ ಸಿಪ್ಪೆಯ ಮೇಲಿದೆ. ವೈದ್ಯರು ಬೀಜವನ್ನು ಹಾಲಿನಲ್ಲಿ ಬೇಯಿಸಿ, ಹೊಟ್ಟು ತೆಗೆದು, ಒಣಗಿಸಿ ಪುಡಿ ಮಾಡುತ್ತಾರೆ. ಶಕ್ತಿಗೆ, ವೀರ್ಯವೃದ್ಧಿಗೆ, ವಾತಕ್ಕೆ ಕೊಡುವುದು ಹಳೆಯ ಪದ್ಧತಿ.

1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಮದ್ರಾಸಿನ ರಸಾಯನಶಾಸ್ತ್ರಜ್ಞರು ಈ ಬೀಜದಿಂದ ಎಲ್-ಡೋಪಾ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದರಿಂದೇನು ಉಪಯೋಗವೆಂದು ಆಗ ಯಾರಿಗೂ ಹೊಳೆದಿರಲಿಲ್ಲ. 1960ರ ದಶಕದಲ್ಲಿ ಪಾರ್ಕಿನ್ಸನ್ ಕಾಯಿಲೆಗೆ, ಕೈನಡುಗಿ ಮೈ ಬಿಗಿಯುವ ಆ ರೋಗಕ್ಕೆ, ಎಲ್-ಡೋಪಾವೇ ಮುಖ್ಯ ಮದ್ದಾಯಿತು. ಬೀಜದಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ 3ರಿಂದ 6 ಭಾಗ ಇರುತ್ತದೆ; ಜಾತಿ, ನೆಲದ ಮೇಲೆ ಹೆಚ್ಚುಕಡಿಮೆ. 1995ರಲ್ಲಿ 60 ರೋಗಿಗಳ ಮೇಲಿನ ಪರೀಕ್ಷೆಯೊಂದರಲ್ಲಿ ಬೀಜದಿಂದ ತಯಾರಿಸಿದ ಪುಡಿ ಲಕ್ಷಣಗಳನ್ನು ತಗ್ಗಿಸಿತು. 2004ರಲ್ಲಿ ಲಂಡನ್ನಿನ ವೈದ್ಯರು 8 ರೋಗಿಗಳಿಗೆ ಒಮ್ಮೆ ಎಲ್-ಡೋಪಾ ಮಾತ್ರೆ, ಒಮ್ಮೆ 30 ಗ್ರಾಂ ಬೀಜದ ತಯಾರಿಕೆ ಕೊಟ್ಟು ಹೋಲಿಸಿದರು. ಮಾತ್ರೆ ಕೆಲಸ ಶುರುಮಾಡಲು ಸುಮಾರು 69 ನಿಮಿಷ ತೆಗೆದುಕೊಂಡರೆ, ಬೀಜ ಸುಮಾರು 35 ನಿಮಿಷದಲ್ಲಿ ಶುರುಮಾಡಿತು. ಎಂಟೇ ಜನರ ಪರೀಕ್ಷೆ, ನಿಜ. ಆದರೆ ಬೇಲಿಯ ಬಳ್ಳಿಗೆ ಇದು ಕಡಿಮೆ ಗೌರವವಲ್ಲ.

ಎಲ್-ಡೋಪಾ ಇದೆ ಎಂದ ಮೇಲೆ ಅದರ ಅಡ್ಡಪರಿಣಾಮಗಳೂ ಇವೆ: ವಾಕರಿಕೆ, ವಾಂತಿ, ಎದ್ದು ನಿಂತಾಗ ತಲೆಸುತ್ತು, ಕೆಲವರಿಗೆ ಇಲ್ಲದ್ದು ಕಾಣುವ ಭ್ರಮೆ. ಪಾರ್ಕಿನ್ಸನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನೂ ಗುಟ್ಟಾಗಿ ಸೇರಿಸಿದರೆ ಪ್ರಮಾಣ ಎರಡಾಗುತ್ತದೆ. ಮಾನಸಿಕ ಕಾಯಿಲೆಗೆ, ಖಿನ್ನತೆಗೆ ಔಷಧ ನಡೆಯುತ್ತಿರುವವರೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ‘ಶಕ್ತಿಪುಡಿ’ ಎಂಬ ಹೆಸರಿನಲ್ಲಿ ಮಾರುವಾಗ ಈ ಮಾತು ಯಾರೂ ಹೇಳುವುದಿಲ್ಲ.

ಇನ್ನೊಂದು ಹಳೆಯ ಉಪಯೋಗವನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. 18, 19ನೆಯ ಶತಮಾನದಲ್ಲಿ ಪಾಶ್ಚಾತ್ಯ ವೈದ್ಯರು ಇದೇ ರೋಮವನ್ನು ಕಾಕಂಬಿಯಲ್ಲೋ ಜೇನಿನಲ್ಲೋ ಕಲಸಿ ಜಂತುಹುಳುವಿಗೆ ನುಂಗಿಸುತ್ತಿದ್ದರು, ರೋಮ ಚುಚ್ಚಿ ಹುಳು ಹೊರಬೀಳಲೆಂದು. ಆ ಪದ್ಧತಿ ಸತ್ತುಹೋದದ್ದು ಒಳ್ಳೆಯದಾಯಿತು. ರೋಮ ಚುಚ್ಚದ ನಸುಗುನ್ನಿ ತಳಿಯೂ ಇದೆ. ಅದನ್ನು ಹಸಿರೆಲೆ ಗೊಬ್ಬರಕ್ಕೆ, ಮೇವಿಗೆ ಬೆಳೆಯುತ್ತಾರೆ.

ಪೊಟ್ಟಣದ ನೆಟಲ್ ಏನು ಮಾಡುತ್ತದೆ

ಅರ್ಟಿಕಾದ ಬೇರು ಬೇರೆ, ಎಲೆ ಬೇರೆ. ವಯಸ್ಸಾದ ಗಂಡಸರಿಗೆ ಪ್ರೊಸ್ಟೇಟ್ ಗ್ರಂಥಿ ಊದಿ ಮೂತ್ರ ಕಟ್ಟುವ ತೊಂದರೆಗೆ ಜರ್ಮನಿಯಲ್ಲಿ ಬೇರಿನ ಸತ್ವ ಬಳಸುತ್ತಾರೆ. 2005ರಲ್ಲಿ ಪ್ರಕಟವಾದ ಇರಾನಿನ ಅಧ್ಯಯನದಲ್ಲಿ 620 ಜನರನ್ನು 6 ತಿಂಗಳು ನೋಡಿದಾಗ ಲಕ್ಷಣ ಹಗುರವಾಯಿತು. ಗ್ರಂಥಿ ಅದರಿಂದ ಕರಗಿಹೋಗುವುದಿಲ್ಲ. ಕ್ಯಾನ್ಸರ್ ಅಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಲೇಬೇಕು.

ಎಲೆಯದು ಕೀಲುನೋವಿನ ಕಥೆ. ನೋಯುವ ಜಾಗಕ್ಕೆ ನೆಟಲ್ ಸೊಪ್ಪಿನಿಂದ ಬಡಿದುಕೊಳ್ಳುವುದು ಯುರೋಪಿನ ಅಜ್ಜಿಮದ್ದು. ಅದನ್ನೇ 2000ದಲ್ಲಿ ಇಂಗ್ಲೆಂಡಿನ ವೈದ್ಯರು ಪರೀಕ್ಷೆಗೊಡ್ಡಿದರು: ಹೆಬ್ಬೆರಳ ಬುಡ ನೋಯುತ್ತಿದ್ದ 27 ಮಂದಿ ಒಂದು ವಾರ ದಿನವೂ ಎಲೆ ಒತ್ತಿಕೊಂಡರು, ಇನ್ನೊಂದು ವಾರ ಚುಚ್ಚದ ಬೇರೊಂದು ಎಲೆ. ಚುಚ್ಚಿದ ವಾರವೇ ನೋವು ಕಡಿಮೆಯಾಯಿತು. ನೆಗಡಿ-ಅಲರ್ಜಿಗೆ, ಸಕ್ಕರೆ ಕಾಯಿಲೆಗೆ ಹೇಳುವ ಗುಣಗಳಿಗೆ ಆಧಾರ ತೆಳು.

ಆಹಾರವಾಗಿ ನೋಡಿದರೆ, ಬೇಯಿಸಿದ 100 ಗ್ರಾಂ ನೆಟಲ್ ಸೊಪ್ಪಿನಲ್ಲಿ ಸುಮಾರು 480 ಮಿ.ಗ್ರಾಂ. ಕ್ಯಾಲ್ಸಿಯಂ, 1.6 ಮಿ.ಗ್ರಾಂ. ಕಬ್ಬಿಣ ಇದೆ. ಬಿಸಿನೀರು ಬಿದ್ದೊಡನೆ ಚುಚ್ಚುವ ಗುಣ ಹೋಗುತ್ತದೆ. ಕ್ಯಾಲ್ಸಿಯಂ ಚೆನ್ನಾಗಿದೆ, ಒಪ್ಪಿದೆ. ಆದರೆ ಕಬ್ಬಿಣದ ಸಲುವಾಗಿ ಪೊಟ್ಟಣ ತರಿಸುವವರು ಹಿತ್ತಲಿನ ನುಗ್ಗೆ ಕಡೆ ಒಮ್ಮೆ ನೋಡಬೇಕು: ಅದರ ಎಲೆಯಲ್ಲಿ ಅಷ್ಟೇ ತೂಕಕ್ಕೆ 4 ಮಿ.ಗ್ರಾಂ. ಮೀರಿ ಕಬ್ಬಿಣ, 300 ಮಿ.ಗ್ರಾಂ. ಮೀರಿ ಕ್ಯಾಲ್ಸಿಯಂ. ನೆಟಲ್‌ನಲ್ಲಿ ಕೆ ವಿಟಮಿನ್ ವಿಪರೀತ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅದು ಮದ್ದಿನ ವಿರುದ್ಧ ಎಳೆಯುತ್ತದೆ. ಬಿ.ಪಿ., ಸಕ್ಕರೆ ಮಾತ್ರೆ ನುಂಗುವವರು, ಮೂತ್ರಪಿಂಡದ ತೊಂದರೆಯಿದ್ದವರು ಕೇಳಿಯೇ ಕುಡಿಯಬೇಕು. ಬಸುರಿಯರಿಗೆ ಬೇಡ.

ತಾಗಿದರೆ

ಮೊದಲ ಕೆಲಸ, ಉಜ್ಜಬೇಡಿ. ಉಜ್ಜಿದಷ್ಟೂ ರೋಮ ಒಳಗಿಳಿಯುತ್ತದೆ. ಅಂಟುವ ಟೇಪನ್ನು ಒತ್ತಿ ಕಿತ್ತರೆ ರೋಮ ಅದಕ್ಕೆ ಹತ್ತಿ ಬರುತ್ತದೆ, ನಾಲ್ಕಾರು ಸಲ ಮಾಡಿ. ಆಮೇಲೆ ಸೋಪು ನೀರು. ನಸುಗುನ್ನಿಯಾದರೆ ತೊಟ್ಟ ಬಟ್ಟೆ ಬಿಚ್ಚಿ ಬೇರೆ ಒಗೆಯಬೇಕು, ಕೈ ತೊಳೆಯದೆ ಕಣ್ಣು ಮುಟ್ಟಬಾರದು. ಹಳ್ಳಿಗಳಲ್ಲಿ ಸಗಣಿ ಬಳಿಯುವ ರೂಢಿಯುಂಟು; ಒಣಗಿದಾಗ ರೋಮ ಎತ್ತಿಕೊಂಡು ಬರುವುದರಿಂದ ಹಾಯೆನಿಸುತ್ತದೆ. ಆದರೆ ಕೆರೆದು ಗಾಯವಾದ ಚರ್ಮಕ್ಕೆ ಸಗಣಿ ತಾಗಿದರೆ ಧನುರ್ವಾಯುವಿನ ಭಯ. ಟೇಪೇ ವಾಸಿ. ಕಣ್ಣಿಗೆ ಬಿದ್ದರೆ, ಉಸಿರು ಕಟ್ಟಿದರೆ, ತುಟಿ ಊದಿದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ.

ಗುರುತು ಹಿಡಿಯುವುದು

ಭೀಮಗಡ 2011ರಿಂದ ವನ್ಯಜೀವಿ ಧಾಮ, ಸುಮಾರು 190 ಚದರ ಕಿ.ಮೀ. ಅಲ್ಲಿಂದ ಅನುಮತಿಯಿಲ್ಲದೆ ಬೇರು, ಬೀಜ ಕಿತ್ತು ತರುವಂತಿಲ್ಲ. ಆದರೆ ನಿಮ್ಮ ಹೊಲದ ಬೇಲಿಯ ಬಳ್ಳಿ ಯಾವುದೆಂದು ತಿಳಿಯಬೇಕೆಂದರೆ ದೂರ ಹೋಗಬೇಕಿಲ್ಲ. ಬೆಳಗಾವಿಯ ನೆಹರು ನಗರದಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆ ಇದೆ. 2006ರಲ್ಲಿ ಪ್ರಾದೇಶಿಕ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಪಶ್ಚಿಮ ಘಟ್ಟದ ಔಷಧಿ ಗಿಡಗಳ ಒಣ ಮಾದರಿಗಳನ್ನು ಅಲ್ಲಿ ಕಾಯ್ದಿಡುತ್ತಾರೆ. ಶಹಾಪುರದಲ್ಲಿ 1933ರಷ್ಟು ಹಳೆಯದಾದ ಕೆಎಲ್‌ಇ ಆಯುರ್ವೇದ ಮಹಾವಿದ್ಯಾಲಯವಿದೆ, ಅಲ್ಲಿನ ದ್ರವ್ಯಗುಣ ವಿಭಾಗದವರಿಗೂ ಇದೇ ಕಸುಬು. ತೋರಿಸಲು ಒಯ್ಯುವುದಾದರೆ ಎಲೆಯೊಂದೇ ಸಾಲದು, ಹೂವೋ ಕಾಯೋ ಇರುವ ರೆಂಬೆ ಬೇಕು. ರಬ್ಬರ್ ಕೈಗವಸು ಹಾಕಿಕೊಂಡು ಕತ್ತರಿಯಿಂದ ಕತ್ತರಿಸಿ, ಹಳೇ ಪತ್ರಿಕೆಯ ನಡುವೆ ಇಟ್ಟು, ಮೇಲೊಂದು ಪ್ಲಾಸ್ಟಿಕ್ ಚೀಲ ಸುತ್ತಿ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ‘ನಸುಗುನ್ನಿ ಇರಬಹುದು’ ಎಂದು ಬರೆದಿಡಿ; ಬಸ್ಸಿನಲ್ಲಿ ಪಕ್ಕದವರ ಮಗು ಅದನ್ನು ಬಿಚ್ಚಿ ನೋಡದಿರಲಿ.