ಲಾ ಶಾಪೆಲ್‌-ಓ-ಸ್ಯಾಂ ಮನುಷ್ಯನ ಸೊಂಟದ ಕೀಲು

ಸುಮಾರು 50,000 ವರ್ಷಗಳಷ್ಟು ಹಳೆಯದಾದ ಈ ಅಸ್ಥಿಪಂಜರವು ನಿಯಾಂಡರ್ತಾಲ್ ಕುಲದ ವಯಸ್ಸಾದ ಪುರುಷನೊಬ್ಬನದು. ನೈಋತ್ಯ ಫ್ರಾನ್ಸಿನ ಲಾ ಶಾಪೆಲ್‌-ಓ-ಸ್ಯಾಂ ಬಳಿಯ ಚಿಕ್ಕ ಗುಹೆಯೊಂದರ ನೆಲದಲ್ಲಿದ್ದ ಗುಳಿಯಲ್ಲಿ, 1908ರ ಆಗಸ್ಟ್‌ನಲ್ಲಿ, ಬುಯಿಸೋನಿ ಸಹೋದರರು ಇದನ್ನು ಪತ್ತೆಹಚ್ಚಿದರು; ಜೊತೆಯಲ್ಲಿ ದೊರೆತ ಕಲ್ಲಿನ ಉಪಕರಣಗಳು ಮುಸ್ತೇರಿಯನ್ ಎಂಬ ಪರಂಪರೆಗೆ ಸೇರಿವೆ.

ಎಡ ಸೊಂಟದಲ್ಲಿ, ತೊಡೆಮೂಳೆಯ ದುಂಡನೆಯ ತಲೆ ಕೂರುವ ಬಟ್ಟಲಿನಾಕಾರದ ಗುಣಿಯ ಅಂಚನ್ನು ಗಮನಿಸಬೇಕು. ಇಲ್ಲಿ ಗುರುತಿಸಲಾಗಿರುವುದು ಸವೆತದ ಸಂಧಿವಾತ. ಕೀಲನ್ನು ಹೊದೆದಿರುವ ಮೃದ್ವಸ್ಥಿಯು ಮಣ್ಣಿನಲ್ಲಿ ಉಳಿಯುವುದಿಲ್ಲವಾದ್ದರಿಂದ, ಅಂಚಿನಲ್ಲಿ ಹೆಚ್ಚುವರಿಯಾಗಿ ಬೆಳೆದ ಮೂಳೆ, ಮೇಲ್ಮೈಯ ಸಣ್ಣ ರಂಧ್ರಗಳು, ಮೂಳೆಗೆ ಮೂಳೆ ಉಜ್ಜಿ ದಂತದಂತೆ ನುಣುಪಾದ ಭಾಗಗಳು, ಇಂಥ ಗುರುತುಗಳಿಂದಲೇ ತಜ್ಞರು ಈ ಕಾಯಿಲೆಯನ್ನು ಕಂಡುಕೊಳ್ಳುತ್ತಾರೆ.

ಸೊಂಟದ ಬೇರೆ ತೊಂದರೆಗಳು ಬೇರೆ ಗುರುತುಗಳನ್ನು ಬಿಡುತ್ತವೆ. ಹುಟ್ಟಿನಿಂದಲೇ ಕೀಲು ತಪ್ಪಿದವರಲ್ಲಿ ಗುಣಿ ಆಳವಿಲ್ಲದೆ ಉಳಿದು, ಅದರ ಮೇಲ್ಭಾಗದಲ್ಲಿ ಹುಸಿ ಗುಣಿಯೊಂದು ರೂಪುಗೊಂಡಿರಬಹುದು. ಬಾಲ್ಯದಲ್ಲಿ ತೊಡೆಮೂಳೆಯ ತಲೆಗೆ ರಕ್ತಪೂರೈಕೆ ಕುಂದುವ ಪರ್ಥೆಸ್ ಕಾಯಿಲೆಯಲ್ಲಾದರೆ ಆ ತಲೆಯೇ ಚಪ್ಪಟೆಯಾಗಿ ಅಗಲವಾಗುತ್ತದೆ. ಸಂಧಿವಾತವೂ ಸೇರಿ ಈ ಮೂರೂ ಕುಂಟುವಿಕೆಗೆ ಕಾರಣವಾಗಬಲ್ಲವಾದ್ದರಿಂದ ಒಂದೇ ಗುರುತನ್ನು ನೆಚ್ಚದೆ ಗುಣಿಯನ್ನೂ ತಲೆಯನ್ನೂ ಒಟ್ಟಿಗೆ ಪರೀಕ್ಷಿಸಬೇಕಾಗುತ್ತದೆ.

ಈ ಮೂಳೆಗಳನ್ನು ಮೊದಲು ವಿವರಿಸಿದ ಮಾರ್ಸೆಲಿನ್ ಬೂಲ್ ಚಿತ್ರಿಸಿದ್ದು ಮಂಡಿ ಮಡಚಿ, ಬಾಗಿ ನಡೆಯುವ ಜೀವಿಯನ್ನು. ದಶಕಗಳ ಕಾಲ ಜನಮನದಲ್ಲಿ ಬೇರೂರಿದ ಆ ಚಿತ್ರ ತಪ್ಪು. ಬೆನ್ನುಮೂಳೆಯಲ್ಲಿಯೂ ಸಂಧಿವಾತವಿದ್ದ ಈ ಮನುಷ್ಯ ನೆಟ್ಟಗೆ ನಿಂತೇ ನಡೆಯುತ್ತಿದ್ದನು. ಮೂಲ ಅಸ್ಥಿಗಳು ಪ್ಯಾರಿಸ್‌ನ ಮ್ಯೂಸೆ ದ ಲೋಮ್ ಸಂಗ್ರಹದಲ್ಲಿವೆ.