ಚಿನ್ನ ಅಗೆಯುವ ಇರುವೆಗಳು: ಐತಿಹ್ಯದ ಭಾಷೆ ಮತ್ತು ನಂಬಿಕೆ

ಐತಿಹ್ಯವು ಕೇಳುಗರ ನಂಬಿಕೆಯನ್ನು ಬೇಡುವ ಪ್ರಕಾರ. ಅಜ್ಜಿಕತೆಯಲ್ಲಿ ಹುಲಿ ಮಾತಾಡಿದರೂ ಯಾರೂ ಸಾಕ್ಷಿ ಕೇಳುವುದಿಲ್ಲ. ಐತಿಹ್ಯವಾದರೋ ತನ್ನ ಸಾಕ್ಷಿಯನ್ನು ತಾನೇ ಹೊತ್ತು ತರಬೇಕಾಗುತ್ತದೆ. ಭಾರತದ ಚಿನ್ನ ಅಗೆಯುವ ಇರುವೆಗಳನ್ನು ಕುರಿತ ಗ್ರೀಕ್ ಬರಹಗಳು ಇದಕ್ಕೆ ಉತ್ತಮ ನಿದರ್ಶನ.

ಕ್ರಿ.ಪೂ. 5ನೆಯ ಶತಮಾನದ ಹೆರೊಡೋಟಸ್ ತನ್ನ ಚರಿತ್ರೆಯ 3ನೆಯ ಭಾಗದಲ್ಲಿ ಈ ವೃತ್ತಾಂತವನ್ನು ನೀಡಿದ್ದಾನೆ. ಇರುವೆಗಳು ನಾಯಿಗಿಂತ ಚಿಕ್ಕವು, ನರಿಗಿಂತ ದೊಡ್ಡವು. ಅವು ತೋಡಿ ಹಾಕುವ ಮರಳಿನಲ್ಲಿ ಚಿನ್ನವಿದೆ. ಬಿಸಿಲಿಗೆ ಅವು ನೆಲದೊಳಗೆ ಅಡಗಿದಾಗ ಭಾರತೀಯರು ಒಂಟೆಗಳೊಡನೆ ಬಂದು ಮರಳನ್ನು ಚೀಲಗಳಲ್ಲಿ ತುಂಬಿಕೊಂಡು ಓಡುತ್ತಾರೆ. ಈಚೆಗೆ ಮರಿ ಹಾಕಿದ ಹೆಣ್ಣೊಂಟೆಯೇ ಬೇಕು. ಮರಿಯ ನೆನಪಿನಿಂದ ಅದು ದಣಿಯದೆ ಮರಳುತ್ತದೆ. ಪಶುಪಾಲನೆ ಬಲ್ಲವರು ಒಪ್ಪುವ ಮಾತಿದು. ಒಂಟೆಯ ಕುರಿತ ಒಪ್ಪಿಗೆ ಅರಿವಿಲ್ಲದೆಯೇ ಇರುವೆಗೂ ದೊರೆಯುತ್ತದೆ. ಇದನ್ನು ಪರ್ಷಿಯನ್ನರು ಹೇಳಿದರೆಂದೂ ಅಂಥ ಕೆಲವು ಇರುವೆಗಳು ಪರ್ಷಿಯದ ದೊರೆಯ ಬಳಿ ಇವೆಯೆಂದೂ ಸೇರಿಸುವ ಮೂಲಕ ಸಾಕ್ಷಿಯೂ ಸಿದ್ಧವಾಗುತ್ತದೆ.

ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್, ತಾನು ಇರುವೆಯನ್ನು ಕಾಣಲಿಲ್ಲ, ಶಿಬಿರಕ್ಕೆ ತಂದ ಅದರ ಚರ್ಮಗಳನ್ನು ಮಾತ್ರ ಕಂಡೆನೆಂದು ಬರೆದನು. ಚರ್ಮ ನಿಜವಿದ್ದೀತು, ಅದು ಇರುವೆಯದೆಂಬುದು ಮಾತ್ರ ತಂದವರ ಮಾತು. ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ಈ ಅಂತರವನ್ನು ನಿಯಾರ್ಕಸನ ಪ್ರಾಮಾಣಿಕತೆಯೇ ಮರೆಮಾಡುತ್ತದೆ. ಮೆಗಾಸ್ತನೀಸನು ಚಿನ್ನದ ಪ್ರಸ್ಥಭೂಮಿಯ ಸುತ್ತಳತೆ 3,000 ಸ್ಟೇಡಿಯವೆಂದನು. ಅಳತೆ ನೆಲದ್ದು, ಅದರ ಫಲ ಇರುವೆಗೆ.

ಸಂದೇಹವೂ ಐತಿಹ್ಯವನ್ನು ಅಳಿಸಲಿಲ್ಲ. ಭಾರತವನ್ನು ಕುರಿತು ಬರೆದವರನ್ನು ಸುಳ್ಳುಗಾರರೆಂದು ಜರೆದ ಸ್ಟ್ರಾಬೊ ಅವರ ವೃತ್ತಾಂತವನ್ನು ತನ್ನ ಗ್ರಂಥದಲ್ಲಿ ಉಳಿಸಿದನು. ಮೆಗಾಸ್ತನೀಸನದು ಕೇಳಿದ ಮಾತೆಂದು ಎಚ್ಚರಿಸಿದ ಅರಿಯನನೂ ಹಾಗೆಯೇ ಮಾಡಿದನು.

ಹಾಗೆಂದು ಇದು ಗ್ರೀಕರ ಕಟ್ಟುಕತೆಯಲ್ಲ. ಮಹಾಭಾರತದ ಸಭಾಪರ್ವದಲ್ಲಿ ಯುಧಿಷ್ಠಿರನಿಗೆ ಪರ್ವತಪ್ರದೇಶದವರು ಒಪ್ಪಿಸಿದ ಕಾಣಿಕೆಗಳಲ್ಲಿ ಇರುವೆಗಳು ಹೊರತೆಗೆದ 'ಪಿಪೀಲಿಕ' ಚಿನ್ನವೂ ಇದೆ. ಫ್ರೆಂಚ್ ಅನ್ವೇಷಕ ಮಿಷೆಲ್ ಪೆಸೆಲ್ 1984ರ ಗ್ರಂಥದಲ್ಲಿ ಈ ಇರುವೆಯನ್ನು ಬಿಲ ತೋಡುವ ಹಿಮಾಲಯದ ಮಾರ್ಮೋಟ್ ಪ್ರಾಣಿಯೊಂದಿಗೆ ಗುರುತಿಸಿದನು. ಈ ವಿವರಣೆ ಸರಿಯಿದ್ದರೂ ಪ್ರಾಣಿಯ ಮೂಲ ತಿಳಿಯಿತೇ ಹೊರತು ನಂಬಿಕೆಯ ಮೂಲ ತಿಳಿಯದು. ಐತಿಹ್ಯವನ್ನು ಸುಳ್ಳೆಂದು ತಳ್ಳಿದರೆ ಚಿನ್ನ ಆರಿಸಿದ ಜನರ ಅನುಭವ ಕಳೆದುಹೋಗುತ್ತದೆ. ನಿಜವೆಂದು ಒಪ್ಪಿದರೆ ನಿರೂಪಣೆಯ ಕೌಶಲ ಕಣ್ಮರೆಯಾಗುತ್ತದೆ. ಪ್ರತಿಯೊಂದು ಸಾಕ್ಷಿಯೂ ನಿಜವಾಗಿ ಯಾವುದಕ್ಕೆ ಸಾಕ್ಷಿ ಎಂದು ಕೇಳುವುದೇ ಐತಿಹ್ಯದ ಅಧ್ಯಯನಕ್ಕೆ ತಕ್ಕ ಮಾರ್ಗ.